ಯಂತ್ರವಿನ್ಯಾಸಕನ ಮೊದಲ ಪಾಠ

ಯಂತ್ರವೊಂದನ್ನು ಕಂಡಾಗ ನಮ್ಮ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಇದು ಹೇಗೆ ನಡೆಯುತ್ತದೆ? ಇದನ್ನು ಮಾಡಿದವರು ಯಾರು? ಇವೆರಡರ ನಡುವೆ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ಇದರ ಒಂದೊಂದು ಭಾಗವೂ ಇಷ್ಟೇ ಅಳತೆಯದಾಗಿರಬೇಕೆಂದು ಮೊದಲು ನಿರ್ಧರಿಸಿದವರು ಯಾರು? ಆ ನಿರ್ಧಾರವನ್ನು ಕೈಗೊಂಡು ಅದನ್ನು ನಕ್ಷೆಯಲ್ಲಿ ಬರೆದು ಕೊಡುವವನೇ ವಿನ್ಯಾಸಕ. ಅವನ ಬಳಿ ಕುಳಿತು ಕೆಲಸ ಕಲಿಯುವವನು ವಿನ್ಯಾಸ ವಿಭಾಗದ ಶಿಕ್ಷಾರ್ಥಿ. ಕಾರ್ಖಾನೆಯ ಮಾತಿನಲ್ಲಿ ಅಪ್ರೆಂಟಿಸ್.

ನಾನೂ ಒಂದು ಕಾಲದಲ್ಲಿ ಅಂತಹ ಅಪ್ರೆಂಟಿಸ್ ಆಗಿದ್ದೆನು. ಕಾಲೇಜಿನಿಂದ ನೇರವಾಗಿ ಬಂದವನಾದುದರಿಂದ ಮರುದಿನವೇ ಹೊಸ ಯಂತ್ರವೊಂದನ್ನು ಕಲ್ಪಿಸಲು ಹೇಳುವರೆಂದು ಭಾವಿಸಿದ್ದೆನು. ನನಗೆ ದೊರೆತದ್ದು ಹಳೆಯ ನಕ್ಷೆಗಳನ್ನು ಪಾರದರ್ಶಕ ಹಾಳೆಯ ಮೇಲೆ ನಕಲು ಮಾಡುವ ಕೆಲಸ. ಮೂರು ತಿಂಗಳು ಕಳೆದ ಮೇಲೆ ಒಂದು ಚಿಕ್ಕ ಪಂಪಿನ ಶಾಫ್ಟು ಮತ್ತು ಅದು ತಿರುಗುವ ಕಂಚಿನ ಬುಷ್, ಇವೆರಡರ ನಕ್ಷೆಯನ್ನು ಸ್ವತಂತ್ರವಾಗಿ ಬರೆಯುವ ಅವಕಾಶ ಒದಗಿತು. ಬುಷ್ ಎಂದರೆ ದಪ್ಪಗೋಡೆಯ ಒಂದು ತುಂಡು ಕೊಳವೆ. ಅದನ್ನು ಪಂಪಿನ ಎರಕದ ಕಬ್ಬಿಣದ ಒಡಲಿನೊಳಗೆ ಬಿಗಿಯಾಗಿ ಒತ್ತಿ ಕೂಡಿಸುತ್ತಾರೆ. ಅದರೊಳಗೆ ಶಾಫ್ಟು ಸರಾಗವಾಗಿ ತಿರುಗಬೇಕು.

ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯವನ್ನು ಚೆನ್ನಾಗಿ ಗಮನಿಸಬೇಕು. ಶಾಫ್ಟಿನ ವ್ಯಾಸ 25 ಮಿಲಿಮೀಟರ್ ಎಂದು ಬರೆದರೆ ಸಾಲದು. ಕರಾರುವಾಕ್ಕಾಗಿ 25 ಮಿಲಿಮೀಟರಿನ ಶಾಫ್ಟನ್ನು ಜಗತ್ತಿನ ಯಾವ ಕುಶಲ ಕೆಲಸಗಾರನೂ ಮಾಡಲಾರನು. ಉಳಿ ಸವೆಯುತ್ತದೆ, ಲೋಹ ಕಾಯುತ್ತದೆ, ಯಂತ್ರ ನಡುಗುತ್ತದೆ. ಆದುದರಿಂದ ಅಳತೆ ಎಷ್ಟು ತಪ್ಪಿದರೂ ಕೆಲಸ ಕೆಡದು ಎಂಬುದನ್ನೂ ವಿನ್ಯಾಸಕನೇ ಹೇಳಬೇಕು. ಹೀಗೆ ಅನುಮತಿಸಿದ ವ್ಯತ್ಯಾಸಕ್ಕೆ ಟಾಲರೆನ್ಸ್ ಎಂದು ಹೆಸರು. ಇದಕ್ಕಾಗಿ ಅಂತರರಾಷ್ಟ್ರೀಯ ಕೋಷ್ಟಕಗಳಿವೆ. 25 ಎಚ್ 7 ಎಂದು ಬರೆದರೆ ರಂಧ್ರದ ವ್ಯಾಸ 25.000ಕ್ಕೂ 25.021 ಮಿಲಿಮೀಟರಿಗೂ ನಡುವೆ ಇರಬೇಕೆಂದು ಅರ್ಥ. ಶಾಫ್ಟಿಗೆ 25 ಎಫ್ 7 ಎಂದು ಬರೆದರೆ ಅದರ ವ್ಯಾಸ 24.959ರಿಂದ 24.980ರೊಳಗೆ ಇರಬೇಕು. ಹೀಗಾದಾಗ ಶಾಫ್ಟಿಗೂ ರಂಧ್ರಕ್ಕೂ ನಡುವೆ ಕನಿಷ್ಠ 0.020, ಗರಿಷ್ಠ 0.062 ಮಿಲಿಮೀಟರ್ ಸಡಿಲವಿರುತ್ತದೆ. ತಲೆಗೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್ ಎಂಬುದನ್ನು ನೆನೆದರೆ ಈ ಸಡಿಲ ಎಷ್ಟು ಸೂಕ್ಷ್ಮವೆಂಬುದು ತಿಳಿದೀತು. ತೈಲದ ತೆಳುಪೊರೆ ನೆಲೆಸಬೇಕಾದದ್ದು ಈ ಜಾಗದಲ್ಲಿಯೇ.

ನಾನು ಈ ಅಳತೆಗಳನ್ನೆಲ್ಲ ಕೋಷ್ಟಕದಿಂದ ಸರಿಯಾಗಿ ತೆಗೆದು ಬರೆದೆನು. ಬುಷ್ಷಿನ ಹೊರಮೈಗೆ 32 ಪಿ 6, ಅದು ಕೂಡುವ ಒಡಲಿನ ರಂಧ್ರಕ್ಕೆ 32 ಎಚ್ 7 ಎಂದು ಕೊಟ್ಟೆನು. ಹನ್ನೆರಡು ಪಂಪುಗಳ ಭಾಗಗಳು ಸಿದ್ಧವಾದವು. ತಪಾಸಣೆಯಲ್ಲಿ ಎಲ್ಲವೂ ತೇರ್ಗಡೆ ಹೊಂದಿದವು. ಜೋಡಣೆ ನಡೆದ ದಿನ ಕರೆ ಬಂದಿತು. ವಯಸ್ಸಾದ ಫಿಟ್ಟರ್ ಮೇಸ್ತ್ರಿಯೊಬ್ಬರು, “ಬನ್ನಿ ಸ್ವಾಮಿ, ನಿಮ್ಮ ಪಂಪುಗಳನ್ನು ನೀವೇ ತಿರುಗಿಸಿ ನೋಡಿ” ಎಂದರು. ಐದು ಪಂಪುಗಳು ಸಲೀಸಾಗಿ ತಿರುಗಿದವು. ನಾಲ್ಕು ಬಲು ಬಿಗಿಯಾಗಿ ತಿರುಗಿದವು. ಉಳಿದ ಮೂರರಲ್ಲಿ ಶಾಫ್ಟು ಬುಷ್ಷಿನೊಳಕ್ಕೆ ಇಳಿಯಲೇ ಇಲ್ಲ.

ನಾನು ದಿಗ್ಭ್ರಾಂತನಾದೆನು. ನಕ್ಷೆ ಸರಿ, ಭಾಗಗಳು ಸರಿ, ತಪಾಸಣೆಯೂ ಸರಿ. ಯಂತ್ರ ಮಾತ್ರ ಸರಿಯಿಲ್ಲ! ಕೆಲಸದವರೇ ಎಲ್ಲಿಯೋ ತಪ್ಪಿದ್ದಾರೆಂದು ಹೇಳಲು ಬಾಯಿ ತೆರೆಯುವುದರಲ್ಲಿದ್ದೆನು. ಅಷ್ಟರಲ್ಲಿ ಮೇಸ್ತ್ರಿ, “ಬುಷ್ಷನ್ನು ಒತ್ತುವ ಮೊದಲು ಅಳೆದಿದ್ದಾರೆ. ಒತ್ತಿದ ಮೇಲೆ ಅಳೆಯಬೇಕೆಂದು ನೀವು ಬರೆದಿದ್ದೀರಾ?” ಎಂದು ಕೇಳಿದರು.

ಒಳ ಅಳತೆಯ ಮೈಕ್ರೊಮೀಟರಿನಿಂದ ಬುಷ್ಷುಗಳನ್ನು ಅಳೆದಾಗ ಗುಟ್ಟು ಹೊರಬಿದ್ದಿತು. ಬುಷ್ಷಿನ ಹೊರವ್ಯಾಸ 32.026ರಿಂದ 32.042, ಒಡಲಿನ ರಂಧ್ರ 32.000ದಿಂದ 32.025. ಅಂದರೆ ಬುಷ್ ಯಾವಾಗಲೂ ತನ್ನ ರಂಧ್ರಕ್ಕಿಂತ 0.001ರಿಂದ 0.042 ಮಿಲಿಮೀಟರಿನಷ್ಟು ದೊಡ್ಡದು. ಬಲಪ್ರಯೋಗದಿಂದ ಅದನ್ನು ಒಳಕ್ಕೆ ಒತ್ತಿದಾಗ ದಪ್ಪನೆಯ ಕಬ್ಬಿಣದ ಒಡಲು ಹೆಚ್ಚಾಗಿ ಜಗ್ಗದು. ತೆಳುವಾದ ಕಂಚೇ ಕುಗ್ಗಬೇಕು. ಹೊರಮೈ ಕುಗ್ಗಿದಂತೆ ಒಳರಂಧ್ರವೂ ಕಿರಿದಾಗುತ್ತದೆ. ಒಂದು ಬುಷ್ಷಿನಲ್ಲಿ ಈ ಕುಗ್ಗುವಿಕೆ 0.03 ಮಿಲಿಮೀಟರಿನಷ್ಟಿದ್ದಿತು. ನಾನು ಇಟ್ಟಿದ್ದ ಕನಿಷ್ಠ ಸಡಿಲವೋ 0.020 ಮಾತ್ರ!

ಹಾಗಾದರೆ ಹನ್ನೆರಡೂ ಏಕೆ ಕೆಡಲಿಲ್ಲ? ಉತ್ತರ ಟಾಲರೆನ್ಸಿನಲ್ಲಿಯೇ ಇದೆ. ದೊಡ್ಡ ಬುಷ್ಷಿಗೆ ಚಿಕ್ಕ ಒಡಲೂ ದಪ್ಪ ಶಾಫ್ಟೂ ಜೊತೆಗೂಡಿದಲ್ಲಿ ಸಡಿಲವೆಲ್ಲ ನುಂಗಿಹೋಯಿತು. ಚಿಕ್ಕ ಬುಷ್ಷಿಗೆ ದೊಡ್ಡ ಒಡಲೂ ಸಣ್ಣ ಶಾಫ್ಟೂ ದೊರೆತಲ್ಲಿ ಸಡಿಲ ಉಳಿಯಿತು. ಎಲ್ಲಕ್ಕಿಂತ ಅಪಾಯದವು ಶಾಫ್ಟು ಇಳಿಯದ ಮೂರು ಪಂಪುಗಳಲ್ಲ, ಬಿಗಿಯಾಗಿ ತಿರುಗಿದ ನಾಲ್ಕು. ಅವು ಕಾರ್ಖಾನೆಯನ್ನು ದಾಟಿ ಯಾರದೋ ಬಾವಿಯ ಬಳಿ ನಿಲ್ಲಬಹುದಾಗಿದ್ದಿತು. ಅಲ್ಲಿ ತೈಲಕ್ಕೆ ಎಡೆಯಿಲ್ಲದೆ ಕಾಯ್ದು, ಬೆಳೆಗೆ ನೀರು ಬೇಕಾದ ಹೊತ್ತಿನಲ್ಲಿಯೇ ಹಿಡಿದುಕೊಳ್ಳಬಹುದಾಗಿದ್ದಿತು.

ಪರಿಹಾರ ಸುಲಭವಾಗಿತ್ತು. ಬುಷ್ಷುಗಳು ಕುಳಿತಲ್ಲಿಯೇ ಅವುಗಳ ರಂಧ್ರವನ್ನು ರೀಮರ್ ಎಂಬ ಉಪಕರಣದಿಂದ ಹೆರೆದು ಮತ್ತೆ ಅಳತೆಗೆ ತಂದರು. ಮೇಸ್ತ್ರಿಗೆ ಎರಡು ದಿನಗಳ ಕೆಲಸ ಹೆಚ್ಚಿತು. ನಮ್ಮ ಮುಖ್ಯ ವಿನ್ಯಾಸಕರು ನನ್ನನ್ನು ಗದರಿಸಲಿಲ್ಲ. ನಕ್ಷೆಯ ಪ್ರತಿಯೊಂದು ಪ್ರತಿಯ ಮೇಲೂ “ಒತ್ತಿ ಕೂಡಿಸಿದ ಅನಂತರ ರಂಧ್ರವನ್ನು 25 ಎಚ್ 7 ಅಳತೆಗೆ ರೀಮ್ ಮಾಡಬೇಕು” ಎಂಬ ಒಂದು ಸಾಲನ್ನು ನನ್ನ ಕೈಯಿಂದಲೇ ಬರೆಸಿದರು. ಅನಂತರ ಎರಡು ವಾರ ಜೋಡಣೆಯ ವಿಭಾಗಕ್ಕೆ ಕಳುಹಿಸಿದರು. ನಕ್ಷೆ ಎಂಬುದು ವಸ್ತುವಿನ ಚಿತ್ರ ಮಾತ್ರವಲ್ಲ, ನಾವು ಇಲ್ಲದ ಸ್ಥಳದಲ್ಲಿ ನಮ್ಮ ಪರವಾಗಿ ಆಡುವ ಮಾತು ಎಂಬುದು ನನಗೆ ತಿಳಿದದ್ದು ಆಗಲೇ.

ಈ ಮಾತಿಗೆ ಇತಿಹಾಸದಲ್ಲಿ ಒಂದು ಸೊಗಸಾದ ನಿದರ್ಶನವಿದೆ. 1829ರಲ್ಲಿ ಜೇಮ್ಸ್ ನ್ಯಾಸ್ಮಿತ್ ಎಂಬ ಇಪ್ಪತ್ತು ವರ್ಷದ ಸ್ಕಾಟ್ಲೆಂಡಿನ ತರುಣನು ಲಂಡನ್ನಿಗೆ ಬಂದು, ತಾನೇ ಮಾಡಿದ ಉಗಿಯಂತ್ರದ ಮಾದರಿಯನ್ನೂ ತಾನೇ ಬರೆದ ನಕ್ಷೆಗಳನ್ನೂ ಹೆನ್ರಿ ಮಾಡ್‌ಸ್ಲಿಗೆ ತೋರಿಸಿದನು. ಮಾಡ್‌ಸ್ಲಿ ಆ ಕಾಲದ ಅತ್ಯಂತ ಹೆಸರಾದ ಯಂತ್ರಶಿಲ್ಪಿ. ಅವನು ಈ ತರುಣನನ್ನು ತನ್ನ ಸ್ವಂತ ಕಾರ್ಯಶಾಲೆಯಲ್ಲಿ ಸಹಾಯಕನನ್ನಾಗಿ ಇಟ್ಟುಕೊಂಡನು. ಹತ್ತು ವರ್ಷಗಳ ಅನಂತರ, 1839ರಲ್ಲಿ, ದೊಡ್ಡ ಹಡಗೊಂದರ ಭಾರಿ ಶಾಫ್ಟನ್ನು ಬಡಿದು ರೂಪಿಸಬಲ್ಲ ಸುತ್ತಿಗೆ ಎಲ್ಲಿಯೂ ಇಲ್ಲವೆಂದು ತಿಳಿದಾಗ, ನ್ಯಾಸ್ಮಿತ್ ಉಗಿಯ ಸುತ್ತಿಗೆಯೊಂದರ ರೇಖಾಚಿತ್ರವನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟನು. ಹಡಗಿನ ಯೋಜನೆ ಬದಲಾಯಿತು. ಸುತ್ತಿಗೆ ಕಾಗದದಲ್ಲಿಯೇ ಉಳಿಯಿತು. 1842ರಲ್ಲಿ ಫ್ರಾನ್ಸಿನ ಲ ಕ್ರೂಸೋ ಎಂಬಲ್ಲಿಯ ಕಾರ್ಖಾನೆಗೆ ಹೋದಾಗ ತನ್ನ ಸುತ್ತಿಗೆಯೇ ಅಲ್ಲಿ ಕೆಲಸಮಾಡುತ್ತಿರುವುದನ್ನು ಕಂಡು ಬೆರಗಾದೆನೆಂದು ಅವನು ಆತ್ಮಚರಿತ್ರೆಯಲ್ಲಿ ಹೇಳಿದ್ದಾನೆ. ಅವನಿಲ್ಲದಾಗ ಬಂದ ಆ ಕಾರ್ಖಾನೆಯವರು ಪುಸ್ತಕದಲ್ಲಿದ್ದ ಚಿತ್ರವನ್ನು ನೋಡಿ ಹೋಗಿದ್ದರಂತೆ. ಒಡೆಯ ಎದುರಿಗಿಲ್ಲದಿದ್ದರೂ ನಕ್ಷೆ ತನ್ನ ಮಾತನ್ನು ಆಡಿತ್ತು.

ಇಂದು ನಕ್ಷೆಹಲಗೆಯ ಸ್ಥಾನದಲ್ಲಿ ಗಣಕಯಂತ್ರವಿದೆ. ಅದರ ತೆರೆಯ ಮೇಲೆ ಯಂತ್ರದ ಭಾಗಗಳೆಲ್ಲವೂ ಒಂದರೊಳಗೊಂದು ಅಂದವಾಗಿ ಕೂಡುತ್ತವೆ. ಆದರೆ ಅಲ್ಲಿ ಬರೆದ 25 ಮಿಲಿಮೀಟರ್ ನಿಜವಾಗಿಯೂ 25 ಮಿಲಿಮೀಟರೇ. ಉಳಿ ಸವೆಯದು, ಕಂಚು ಕುಗ್ಗದು. ಆದುದರಿಂದ ಇಂದಿನ ಶಿಕ್ಷಾರ್ಥಿಯು ಕೆಲಸದ ಮನೆಗೆ ಇಳಿದು ನೋಡಬೇಕಾದ ಅಗತ್ಯ ಹಿಂದಿಗಿಂತ ಹೆಚ್ಚೇ ಆಗಿದೆ.

ಈ ಪಾಠವನ್ನು ಆರಂಭಿಸಲು ವಿದ್ಯಾರ್ಥಿಗಳು ಕಾರ್ಖಾನೆಗೆ ಸೇರುವವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿರುವ ಒಂದು ಉಕ್ಕಿನ ಡಬ್ಬಿಯನ್ನೂ ಅದರ ಮುಚ್ಚಳವನ್ನೂ ತೆಗೆದುಕೊಳ್ಳಿರಿ. ಅದನ್ನು ಎಂದೂ ನೋಡದ ಒಬ್ಬನು ನಿಮ್ಮ ಕಾಗದವನ್ನು ಮಾತ್ರ ನೋಡಿ ಅಂತಹುದನ್ನೇ ಮಾಡಬೇಕೆಂದು ಭಾವಿಸಿ ಅದರ ನಕ್ಷೆಯನ್ನು ಬರೆಯಿರಿ. ಮುಚ್ಚಳವು ಬೀಳಲೂಬಾರದು, ತೆಗೆಯಲು ಬಾರದಷ್ಟು ಬಿಗಿಯೂ ಆಗಬಾರದು. ಎಷ್ಟು ಸಡಿಲ? ಎಷ್ಟು ಬಿಗಿ? ಮೊದಲು ಯಾವುದನ್ನು ಮಾಡಬೇಕು? ಎಲ್ಲಿ ಅಳೆಯಬೇಕು? ಈ ಪ್ರಶ್ನೆಗಳು ನಿಮ್ಮಲ್ಲಿ ಎದ್ದರೆ, ವಿನ್ಯಾಸಕನ ಮೊದಲ ಪಾಠವನ್ನು ನೀವಾಗಲೇ ಕಲಿಯತೊಡಗಿದ್ದೀರಿ.