ಸೀಟು ಯಾರಿಗೆ ಸಲ್ಲಬೇಕು?

ಅಮೆರಿಕದ ಮ್ಯಾಗ್ನೆಟ್ ಪ್ರೌಢಶಾಲೆಗಳ (ವಿಶೇಷ ಪಾಠಕ್ರಮವಿಟ್ಟು ದೂರದ ಬಡಾವಣೆಗಳ ಮಕ್ಕಳನ್ನೂ ಸೇರಿಸಿಕೊಳ್ಳುವ ಸರ್ಕಾರಿ ಶಾಲೆಗಳ) ಪ್ರವೇಶದ ಬಗ್ಗೆ ಅಲ್ಲಿನ ಕನ್ನಡಿಗ ಪೋಷಕರೂ ಇಲ್ಲಿನ ಹಿರಿಯರೂ ಕೇಳಿರುವ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ನಮ್ಮ ಮಗ ಏಳನೇ ತರಗತಿಯಲ್ಲೇ ಜಾಮೆಟ್ರಿ ಮುಗಿಸಿದ. ಆದರೂ ಥಾಮಸ್ ಜೆಫರ್ಸನ್ ಪ್ರೌಢಶಾಲೆಯಲ್ಲಿ ಸೀಟು ಸಿಗಲಿಲ್ಲ. ಗಣಿತದಲ್ಲಿ ಅವನಿಗಿಂತ ಹಿಂದಿರುವ, ಬೇರೆ ಮಿಡ್ಲ್ ಸ್ಕೂಲಿನ ಹುಡುಗನಿಗೆ ಸಿಕ್ಕಿದೆ. ಇದು ನ್ಯಾಯವೇ?
– ಒಬ್ಬ ತಾಯಿ, ಫೇರ್‌ಫ್ಯಾಕ್ಸ್, ವರ್ಜೀನಿಯಾ

ನಿಮ್ಮ ಮಗ ಕಲಿತ ಗಣಿತ ಎಲ್ಲಿಗೂ ಹೋಗಿಲ್ಲ. ಯಾವ ಶಾಲೆಗೆ ಹೋದರೂ ಅದು ಅವನ ಜೊತೆಗಿರುತ್ತದೆ. ನಿಮ್ಮ ಬೇಸರವೂ ಸಹಜ. ಇಷ್ಟು ದುಡಿದ ಮಗು ಬರಿಗೈಲಿ ನಿಂತಾಗ ತಾಯಿಗೆ ಸಂಕಟವಾಗದೆ ಇರುತ್ತದೆಯೇ?

ಈಗ ನಿಯಮ ನೋಡೋಣ. 2020ರವರೆಗೆ ಅಲ್ಲಿ ಪ್ರವೇಶ ಪರೀಕ್ಷೆ ಇತ್ತು, 100 ಡಾಲರ್ ಅರ್ಜಿ ಶುಲ್ಕವಿತ್ತು. ಆಯ್ಕೆಯಾದವರಲ್ಲಿ ಬಹುಪಾಲು ಮಕ್ಕಳು ಕೆಲವೇ ಮಿಡ್ಲ್ ಸ್ಕೂಲುಗಳಿಂದ ಬರುತ್ತಿದ್ದರು. ಹಳೆಯ ಪದ್ಧತಿಯ ಕೊನೆಯ ತಂಡದಲ್ಲಿ ಬಡ ಕುಟುಂಬದ ಮಕ್ಕಳು ಶೇ 1ರಷ್ಟೂ ಇರಲಿಲ್ಲ. ಆ ವರ್ಷದ ಕೊನೆಗೆ ಶಾಲಾ ಮಂಡಳಿ ಪರೀಕ್ಷೆಯನ್ನೂ ಶುಲ್ಕವನ್ನೂ ಕೈಬಿಟ್ಟು, ಪ್ರತಿ ಸರ್ಕಾರಿ ಮಿಡ್ಲ್ ಸ್ಕೂಲಿನ ಎಂಟನೇ ತರಗತಿಯ ಸಂಖ್ಯೆಯ ಶೇ 1.5ರಷ್ಟು ಸೀಟುಗಳನ್ನು ಆಯಾ ಶಾಲೆಗೇ ಮೀಸಲಿಟ್ಟಿತು. ಉಳಿದ ಸುಮಾರು 100 ಸೀಟುಗಳಿಗೆ ಎಲ್ಲರೂ ಪೈಪೋಟಿ ನಡೆಸಬೇಕು. ಮೊದಲ ವರ್ಷವೇ ಬಡ ಮಕ್ಕಳ ಪಾಲು ಶೇ 25ಕ್ಕೆ ಏರಿತು.

ಹಾಗಾಗಿ ನಿಮ್ಮ ಮಗ ಸ್ಪರ್ಧಿಸಿದ್ದು ಮೊದಲಿಗೆ ತನ್ನದೇ ಶಾಲೆಯ ಗೆಳೆಯರ ಜೊತೆ. ಚೆನ್ನಾಗಿ ಓದುವವರು ತುಂಬಿರುವ ಶಾಲೆಯಲ್ಲಿ ಇದು ಕಷ್ಟವೇ. ಈ ನಿಯಮದಿಂದ ನಿಮ್ಮಂಥ ಮನೆಗಳಿಗೆ ನಷ್ಟವಾಗಿದೆ ಎಂಬುದನ್ನು ಮುಚ್ಚಿಡಬಾರದು. ಇನ್ನೊಂದು ಮಾತನ್ನೂ ಯೋಚಿಸಿ. ಜಾಮೆಟ್ರಿ ಮುಗಿಸಿದ್ದು ಅವನ ಶ್ರಮ. ಅದನ್ನು ಅಷ್ಟು ಬೇಗ ಶುರುಮಾಡುವ ಅವಕಾಶ ಒದಗಿಸಿದ್ದು ಅವನ ಶಾಲೆ ಮತ್ತು ನೀವು. ಆ ಇನ್ನೊಬ್ಬ ಹುಡುಗನಿಗೆ ಅಂಥ ಅವಕಾಶ ಇತ್ತೋ ಇಲ್ಲವೋ ನಮಗೆ ತಿಳಿಯದು. ಹೊಸ ನಿಯಮ ಕೇಳುತ್ತಿರುವುದು ಇದನ್ನೇ: ತನಗೆ ಸಿಕ್ಕಿದ್ದರಲ್ಲಿ ಈ ಮಗು ಎಷ್ಟು ಬೆಳೆಯಿತು?

ಈಗ ನೀವು ಮಾಡಬೇಕಾದದ್ದು: ಅವನು ಸೇರುವ ಪ್ರೌಢಶಾಲೆಯ ಕೌನ್ಸೆಲರ್ ಅವರನ್ನು ಕಂಡು, ಗಣಿತದಲ್ಲಿ ಈಗಿರುವ ಹಂತದಿಂದಲೇ ಮುಂದುವರಿಸಲು ಕೇಳಿ. ಎಪಿ ತರಗತಿಗಳು (ಶಾಲೆಯಲ್ಲೇ ಕಾಲೇಜು ಮಟ್ಟದ ಪಾಠ) ಯಾವುವು ಇವೆ ಎಂದು ಪಟ್ಟಿ ಮಾಡಿಕೊಳ್ಳಿ.

ಪ್ರಶ್ನೆ: ಹೊಸ ನಿಯಮ ಏಷ್ಯನ್ ಮಕ್ಕಳನ್ನು ಹೊರಗಿಡಲೆಂದೇ ಬಂದಿದೆ ಎನ್ನುತ್ತಾರೆ. ಮಗಳ ಹೆಸರು ನೋಡಿಯೇ ಅರ್ಜಿ ಪಕ್ಕಕ್ಕಿಡುತ್ತಾರೇನೋ ಎಂಬ ಭಯ ನನಗೆ.
– ಒಬ್ಬ ತಂದೆ, ಲೌಡನ್ ಕೌಂಟಿ, ವರ್ಜೀನಿಯಾ

ಹೆಸರಿನ ಬಗ್ಗೆ ನೀವು ನಿಶ್ಚಿಂತೆಯಿಂದಿರಬಹುದು. ಅರ್ಜಿ ತೂಗುವವರಿಗೆ ಮಗುವಿನ ಹೆಸರಾಗಲಿ, ಜನಾಂಗವಾಗಲಿ, ಹೆಣ್ಣೋ ಗಂಡೋ ಎಂಬುದಾಗಲಿ ಕಾಣುವುದಿಲ್ಲ. ಅವರ ಮುಂದಿರುವುದು ಒಂದು ಸಂಖ್ಯೆ ಮಾತ್ರ.

ಆದರೂ ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. ನಿಯಮ ಬದಲಾದ ಮೊದಲ ವರ್ಷ ಆಯ್ಕೆಯಾದವರಲ್ಲಿ ಏಷ್ಯನ್ ಮೂಲದ ಮಕ್ಕಳ ಪಾಲು ಶೇ 73ರಿಂದ ಶೇ 54ಕ್ಕೆ ಇಳಿಯಿತು. ಪೋಷಕರ ಗುಂಪೊಂದು 2021ರಲ್ಲಿ ಕೋರ್ಟಿಗೆ ಹೋಯಿತು. 2022ರಲ್ಲಿ ಜಿಲ್ಲಾ ನ್ಯಾಯಾಧೀಶರು ಪೋಷಕರ ಪರ ತೀರ್ಪಿತ್ತರು. 2023ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ನ್ಯಾಯಮೂರ್ತಿಗಳಾದ ಅಲಿಟೊ ಮತ್ತು ಥಾಮಸ್ ಇದನ್ನು ಒಪ್ಪಲಿಲ್ಲ. ಅಂದರೆ ಕಾನೂನು ಬಲ್ಲವರಲ್ಲೇ ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ.

ಇದೇ ಲೆಕ್ಕದಲ್ಲಿ ಇನ್ನೂ ಎರಡು ಅಂಕಿಗಳಿವೆ, ಅವನ್ನೂ ನೋಡಿ. ನಿಯಮ ಬದಲಾದ ಆ ಮೊದಲ ವರ್ಷ ಅರ್ಜಿ ಹಾಕಿದವರಲ್ಲಿ ಏಷ್ಯನ್ ಮಕ್ಕಳು ಸುಮಾರು ಶೇ 48. ಸೀಟು ಪಡೆದವರಲ್ಲಿ ಶೇ 54. ಹಿಂದಿನ ವರ್ಷ ಆಯ್ಕೆಯಾಗಿದ್ದ ಬಡ ಏಷ್ಯನ್ ಮಕ್ಕಳ ಸಂಖ್ಯೆ ಕೇವಲ 1. ನಿಯಮ ಬದಲಾದ ವರ್ಷ 51. ‘ನಮ್ಮವರು’ ಎಂದು ನಾವು ಲೆಕ್ಕ ಹಾಕುವಾಗ ಹೋಟೆಲಿನಲ್ಲಿ, ಅಂಗಡಿಯಲ್ಲಿ ದುಡಿಯುವ ವಲಸಿಗರ ಮನೆಗಳನ್ನೂ ಎಣಿಸಬೇಕಲ್ಲವೇ?

ನಿಯಮ ತಪ್ಪೆಂದು ಅನಿಸಿದರೆ ಶಾಲಾ ಮಂಡಳಿಯ ಸಭೆಗೆ ಹೋಗಿ ಹೇಳಿ. ಮಂಡಳಿಯ ಸದಸ್ಯರು ಮತದಿಂದ ಆರಿಸಿ ಬಂದವರು, ಜನರ ಮಾತಿಗೆ ಉತ್ತರ ಕೊಡಬೇಕಾದವರು. ಆದರೆ ‘ನಿನ್ನ ಸೀಟನ್ನು ಇಂಥವರ ಮಗು ಕಿತ್ತುಕೊಂಡಿತು’ ಎಂಬ ಮಾತು ಮಗಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಅವಳು ನಾಳೆ ಕೂತು ಓದಬೇಕಾದದ್ದು ಅದೇ ಮಕ್ಕಳ ಪಕ್ಕದಲ್ಲಿ.

ಪ್ರಶ್ನೆ: ನ್ಯೂಯಾರ್ಕಿನಲ್ಲಿ ಒಂದೇ ಪರೀಕ್ಷೆ, ಅಂಕ ಬಂದರೆ ಸೀಟು. ನಮಗೆ ಯಾರ ಪರಿಚಯವೂ ಇಲ್ಲ, ಕೋಚಿಂಗ್‌ಗೆ ಹೆಚ್ಚು ಹಣವೂ ಇಲ್ಲ. ಪರೀಕ್ಷೆಯೇ ಅನ್ಯಾಯ ಎನ್ನುವವರ ಮಾತು ಕೇಳಿದರೆ ಹೆದರಿಕೆಯಾಗುತ್ತದೆ.
– ಒಬ್ಬ ತಂದೆ, ಕ್ವೀನ್ಸ್, ನ್ಯೂಯಾರ್ಕ್

ಹೆದರಬೇಡಿ, ಪರೀಕ್ಷೆ ಹಾಗೇ ಇದೆ. ಸ್ಟೈವಸೆಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಶಾಲೆಗಳಿಗೆ ಪರೀಕ್ಷೆಯಿಂದಲೇ ಪ್ರವೇಶ ಎಂದು 1971ರ ರಾಜ್ಯ ಕಾನೂನು ಹೇಳುತ್ತದೆ. ಈಗ ಒಟ್ಟು ಎಂಟು ಶಾಲೆಗಳು ಇದೇ ಪರೀಕ್ಷೆಯಿಂದ ಮಕ್ಕಳನ್ನು ಆರಿಸುತ್ತವೆ. ಪ್ರತಿ ಮಿಡ್ಲ್ ಸ್ಕೂಲಿನ ಮೊದಲ ಶೇ 7 ಮಕ್ಕಳಿಗೆ ಸೀಟು ಕೊಡಬೇಕೆಂದು ಮೇಯರ್ ಡಿ ಬ್ಲಾಸಿಯೊ 2018ರಲ್ಲಿ ಮುಂದಿಟ್ಟ ಯೋಜನೆ ಜಾರಿಗೆ ಬರಲಿಲ್ಲ.

ವಶೀಲಿ ನಡೆಯದ ಪರೀಕ್ಷೆ ನಿಮ್ಮಂಥವರಿಗೆ ಎಷ್ಟು ದೊಡ್ಡ ಆಸರೆ ಎಂಬುದು ನನಗೆ ಅರ್ಥವಾಗುತ್ತದೆ. ಹಾಗೆಯೇ 2019ರಲ್ಲಿ ಸ್ಟೈವಸೆಂಟ್ ಕೊಟ್ಟ 895 ಸೀಟುಗಳಲ್ಲಿ ಕಪ್ಪು ಮಕ್ಕಳಿಗೆ ಸಿಕ್ಕಿದ್ದು 7 ಎಂಬುದೂ ನಿಜ. ಅಷ್ಟು ದೊಡ್ಡ ನಗರದಲ್ಲಿ ಆ ಸಮುದಾಯದ ಜಾಣ ಮಕ್ಕಳು ಏಳೇ ಮಂದಿ ಎಂದರೆ ನಂಬಲಾಗದು. ಪರೀಕ್ಷೆ ಜಾಣ್ಮೆಯನ್ನಷ್ಟೇ ಅಲ್ಲ, ವರ್ಷಗಟ್ಟಲೆಯ ತಯಾರಿಯನ್ನೂ ಅಳೆಯುತ್ತದೆ. ಸರ್ಕಾರಿ ಸೀಟು ಎಲ್ಲರ ತೆರಿಗೆಯದು. ಸೀಟು ಸಿಗದ ಮನೆಗೂ ಕಾರಣವನ್ನು ಬಿಡಿಸಿ ಹೇಳಬಲ್ಲ ನಿಯಮವೇ ನ್ಯಾಯಕ್ಕೆ ಹತ್ತಿರ ಎಂದು ನಾನು ನಂಬಿದ್ದೇನೆ. ಷಿಕಾಗೊ ನಗರ ಒಂದು ನಡುದಾರಿ ಹಿಡಿದು, ಶೇ 30 ಸೀಟುಗಳನ್ನು ಅಂಕಕ್ಕೆ ಕೊಟ್ಟು, ಉಳಿದ ಶೇ 70ನ್ನು ಬಡಾವಣೆಗಳ ಸ್ಥಿತಿಗತಿ ನೋಡಿ ಮಾಡಿದ ನಾಲ್ಕು ಗುಂಪುಗಳಿಗೆ ಸಮನಾಗಿ ಹಂಚಿತು.

ನಿಮ್ಮ ಕೈಯಲ್ಲಿರುವುದು ಇಷ್ಟು. ನಗರದ ಶಿಕ್ಷಣ ಇಲಾಖೆ ಉಚಿತವಾಗಿ ಕೊಡುವ ಮಾದರಿ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಲಿ. ಜೊತೆಗೆ ‘ಡಿಸ್ಕವರಿ’ ಯೋಜನೆಯ (ಕಟಾಫ್‌ಗಿಂತ ಸ್ವಲ್ಪ ಕಡಿಮೆ ಅಂಕ ಬಂದ ಬಡ ಮಕ್ಕಳಿಗೆ ಬೇಸಿಗೆ ತರಗತಿ ನಡೆಸಿ ಸೀಟು ಕೊಡುವ ವ್ಯವಸ್ಥೆ) ಬಗ್ಗೆ ಶಾಲೆಯ ಕೌನ್ಸೆಲರ್ ಅವರನ್ನು ಈಗಲೇ ಕೇಳಿ.

ಪ್ರಶ್ನೆ: ವರ್ಜೀನಿಯಾದಲ್ಲಿರುವ ಮೊಮ್ಮಗಳಿಗೆ ಸೀಟು ಸಿಗಲಿಲ್ಲ. ಫೋನಿಗೂ ಬರುತ್ತಿಲ್ಲ. ‘ಇಲ್ಲೂ ರಿಸರ್ವೇಶನ್ ಬಂತಮ್ಮ’ ಎನ್ನುತ್ತಾನೆ ಮಗ. ನಿಜವೇ? ಮಗುವಿಗೆ ನಾನೇನು ಹೇಳಲಿ?
– ಒಬ್ಬ ಅಜ್ಜಿ, ಮೈಸೂರು

ಅಮ್ಮಾ, ಈ ವಯಸ್ಸಿನ ಮಕ್ಕಳು ಸೋಲಿನ ದಿನಗಳಲ್ಲಿ ಮಾತು ಬಿಡುವುದು ಸಾಮಾನ್ಯ. ಆಕೆಗೆ ನಿಮ್ಮ ಮೇಲೆ ಮುನಿಸಿಲ್ಲ. ನಿಮ್ಮೆದುರು ಚಿಕ್ಕವಳಾದೆನೇನೋ ಎಂಬ ನಾಚಿಕೆ ಇರಬಹುದು.

ನಿಮ್ಮ ಮಗ ಹೇಳುವಂತೆ ಅದು ನಮ್ಮಲ್ಲಿಯ ಜಾತಿವಾರು ಮೀಸಲಾತಿಯಲ್ಲ. ಮಗುವಿನ ಜನಾಂಗ ನೋಡಿ ಶಾಲೆ ಹಂಚುವುದಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ 2007ರಲ್ಲೇ ತಡೆ ಹಾಕಿದೆ. ಶಾಲೆವಾರು ಸೀಟು ಹಂಚುವ ಈ ಕ್ರಮಕ್ಕೆ ನಮ್ಮಲ್ಲಿ ಹತ್ತಿರವಾದದ್ದು ನವೋದಯ ವಿದ್ಯಾಲಯದ ಗ್ರಾಮೀಣ ಪಾಲು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮೂಡಿಬಂದ ಆ ಶಾಲೆಗಳಲ್ಲಿ ಕನಿಷ್ಠ ಶೇ 75 ಸೀಟು ಹಳ್ಳಿಯ ಮಕ್ಕಳಿಗೆ. ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಪೇಟೆಯ ಕೋಚಿಂಗ್ ಕಾಣದ ಮಗುವಿಗೂ ಬಾಗಿಲು ತೆರೆದಿರಲಿ ಎಂಬುದೇ ಎರಡೂ ಕಡೆಯ ಆಶಯ.

ಮೊಮ್ಮಗಳ ಭವಿಷ್ಯದ ಚಿಂತೆ ಇದ್ದರೆ ಇದನ್ನು ಕೇಳಿ. ಬಾಸ್ಟನ್ ಮತ್ತು ನ್ಯೂಯಾರ್ಕಿನ ಇಂಥ ಶಾಲೆಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು 2014ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಕೂದಲೆಳೆಯಲ್ಲಿ ಸೀಟು ಪಡೆದವರಿಗೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡವರಿಗೂ ಮುಂದಿನ ಪರೀಕ್ಷೆಗಳ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈಗ ಸೀಟಿನ ಮಾತು ತೆಗೆಯಬೇಡಿ. ಫೋನಿಗೆ ಬಾರದಿದ್ದರೆ ನಾಲ್ಕು ಸಾಲು ಬರೆದು ಕಳಿಸಿ. ಈ ವರ್ಷ ಕಲಿತದ್ದರಲ್ಲಿ ತನಗೆ ಯಾವುದು ಇಷ್ಟವಾಯಿತೆಂದು ಕೇಳಿ, ಅದನ್ನು ನಿಮಗೂ ಹೇಳಿಕೊಡಲು ಹೇಳಿ. ಎರಡು ಮೂರು ವಾರ ಕಳೆದರೂ ಊಟ, ನಿದ್ದೆ, ಗೆಳತಿಯರ ಒಡನಾಟ ಹಿಂದಿನಂತೆ ಆಗದಿದ್ದರೆ ಶಾಲೆಯ ಕೌನ್ಸೆಲರ್ ಅವರನ್ನು ಕಾಣುವಂತೆ ಮಗನಿಗೆ ಹೇಳಿ. ಅಷ್ಟರೊಳಗೆ ನಿಮ್ಮ ಮಗ ಮನೆಯಲ್ಲಿ ರಿಸರ್ವೇಶನ್ ಮಾತು ನಿಲ್ಲಿಸಲಿ. ನೀವು ಹೇಳಿದರೆ ಆತ ಕೇಳಿಯಾನು.