ಮನಸ್ಸಿನ ಚಿಕಿತ್ಸಕರು ರೂಪುಗೊಳ್ಳುವ ಬಗೆ

ಕಳೆದ ಅಮಾವಾಸ್ಯೆಯಂದು ಶ್ರೀಮಠದಲ್ಲಿ ಪ್ರಸಾದ ಸ್ವೀಕರಿಸಿ ಹೊರಬರುತ್ತಿದ್ದಾಗ ಪರಿಚಿತ ಭಕ್ತರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಮಗಳು ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ, ಈಗ ಚಿಕಿತ್ಸಾ ಮನೋವಿಜ್ಞಾನದಲ್ಲಿ ಮತ್ತೆರಡು ವರ್ಷ ತರಬೇತಿ ಪಡೆಯಬೇಕೆನ್ನುತ್ತಾಳೆ. "ಡಾಕ್ಟರ್ರ, ಐದು ವರ್ಷ ಓದಿಸೇವ್ರೀ. ಮುಂದ ಕೂತವರ ಕೂಡ ಮಾತಾಡಾಕ ಇನ್ನೂ ಎರಡು ವರ್ಷ ಕಲೀಬೇಕೇನ್ರೀ? ಸಮಾಧಾನದ ನಾಲ್ಕು ಮಾತು ನಮ್ಮವ್ವನೂ ಹೇಳತಿದ್ಲಲ್ರೀ?" ಎಂದು ಕೇಳಿದರು.

ಈ ಪ್ರಶ್ನೆ ಅನೇಕ ಭಕ್ತರ ಮನದಲ್ಲಿಯೂ ಇರಬಹುದು. ಆದುದರಿಂದ ಅವರಿಗೆ ಹೇಳಿದ ಉತ್ತರವನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ.

ನಮ್ಮದೇ ಒಂದು ತಪ್ಪು

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಮಗುವನ್ನು ಕಳೆದುಕೊಂಡ ತಾಯಿಯೊಬ್ಬರು ನಿದ್ರೆಯಿಲ್ಲದೆ ಬಳಲಿ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ನಾವು ಔಷಧ ಕೊಟ್ಟು, ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕೆಂದೂ ಉಳಿದ ಮಕ್ಕಳ ಮುಖ ನೋಡಬೇಕೆಂದೂ ಬುದ್ಧಿ ಹೇಳಿದೆವು. ಆಕೆ ತಲೆಯಾಡಿಸಿ ಹೋದವರು ಮತ್ತೆ ಬರಲಿಲ್ಲ. ವರ್ಷದ ಬಳಿಕ ಅವರ ಅಣ್ಣನಿಂದ ತಿಳಿಯಿತು: "ಡಾಕ್ಟರಿಗೆ ನನ್ನ ಮಾತು ಕೇಳಲು ಹೊತ್ತಿರಲಿಲ್ಲ" ಎಂದು ಆಕೆ ಮನೆಯಲ್ಲಿ ಹೇಳಿಕೊಂಡಿದ್ದರಂತೆ. ನಾವು ಅರ್ಧ ಗಂಟೆ ಕೊಟ್ಟಿದ್ದೆವು. ಆದರೆ ಆ ಅರ್ಧ ಗಂಟೆಯೂ ಮಾತನಾಡಿದವರು ನಾವೇ ಆಗಿದ್ದೆವು. ಅಂದು ನಮ್ಮ ಬಳಿ ಕುಳಿತು ಗಮನಿಸಿ ತಿದ್ದುವ ಹಿರಿಯರು ಯಾರೂ ಇರಲಿಲ್ಲ.

ಶಾಸ್ತ್ರವು ಹೇಳುವುದೇನು?

ಚರಕ ಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಮನಸ್ಸನ್ನು ಅಹಿತವಾದ ವಿಷಯಗಳಿಂದ ತಡೆದು ನಿಲ್ಲಿಸುವುದು ಸತ್ತ್ವಾವಜಯ. ಬಿ.ಎ.ಎಂ.ಎಸ್. ಓದುವಾಗ ನಾವು ಇದನ್ನು ಪರೀಕ್ಷೆಯ ಉತ್ತರವಾಗಿ ಬಾಯಿಪಾಠ ಮಾಡಿದೆವೇ ಹೊರತು, ನೊಂದವರ ಮುಂದೆ ಕುಳಿತು ಅಭ್ಯಾಸ ಮಾಡಲಿಲ್ಲ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಸುಶ್ರುತಾಚಾರ್ಯರು ಈ ಕೊರತೆಗೆ ಅವಕಾಶವನ್ನೇ ಕೊಟ್ಟಿಲ್ಲ. ಶಿಷ್ಯನು ಕುಂಬಳ, ಸೋರೆಗಳಂಥ ಕಾಯಿಗಳ ಮೇಲೆ ಛೇದನವನ್ನೂ, ನೀರು ತುಂಬಿದ ಚರ್ಮದ ಚೀಲದ ಮೇಲೆ ಭೇದನವನ್ನೂ, ಬಟ್ಟೆಯ ಅಂಚಿನ ಮೇಲೆ ಹೊಲಿಗೆಯನ್ನೂ ಅಭ್ಯಾಸ ಮಾಡಬೇಕೆಂದು ಸೂತ್ರಸ್ಥಾನದಲ್ಲಿ ವಿಧಿಸಿದ್ದಾರೆ. ಎಷ್ಟೇ ಓದಿದ್ದರೂ ಕೈ ಪಳಗದವನು ಕರ್ಮಕ್ಕೆ ಯೋಗ್ಯನಲ್ಲವೆಂಬುದು ಅವರ ಮತ.

ಹಾಗಾದರೆ ಮನಸ್ಸಿನ ಚಿಕಿತ್ಸೆ ಕಲಿಯುವವರು ಯಾವುದರ ಮೇಲೆ ಅಭ್ಯಾಸ ಮಾಡಬೇಕು? ಮೊದಲು ಸಹಪಾಠಿಯೊಬ್ಬರು ರೋಗಿಯ ಪಾತ್ರ ವಹಿಸುತ್ತಾರೆ, ಇನ್ನೊಬ್ಬರು ಚಿಕಿತ್ಸಕರಾಗುತ್ತಾರೆ. ಗುರುಗಳು ನೋಡಿ ತಿದ್ದುತ್ತಾರೆ. ಆನಂತರವೇ ನಿಜವಾದ ರೋಗಿ. ಆಗಲೂ ಗುರುಗಳ ಮೇಲ್ವಿಚಾರಣೆ ತಪ್ಪುವುದಿಲ್ಲ.

ತರಬೇತಿಯ ಮೂರು ಕಾಲುಗಳು

1920ರಲ್ಲಿ ಬರ್ಲಿನ್ ನಗರದಲ್ಲಿ ಆರಂಭವಾದ ಮನೋವಿಶ್ಲೇಷಣೆಯ ಸಂಸ್ಥೆಯು ಇಂಥ ಶಿಕ್ಷಣಕ್ಕೆ ಮೂರು ಕಾಲುಗಳನ್ನು ಒದಗಿಸಿತು: ಸಿದ್ಧಾಂತದ ಅಧ್ಯಯನ, ಮೇಲ್ವಿಚಾರಣೆಯಲ್ಲಿ ನೀಡುವ ಚಿಕಿತ್ಸೆ ಮತ್ತು ಕಲಿಯುವವನು ತನ್ನ ಮನಸ್ಸನ್ನೇ ವಿಶ್ಲೇಷಣೆಗೆ ಒಡ್ಡಿಕೊಳ್ಳುವುದು. 1940ರ ದಶಕದಲ್ಲಿ ಅಮೆರಿಕದ ಕಾರ್ಲ್ ರೋಜರ್ಸ್ ಅವರು ಚಿಕಿತ್ಸೆಯ ಸಂಭಾಷಣೆಗಳನ್ನು ಧ್ವನಿಮುದ್ರಿಸಿ, ಅವುಗಳ ಮೂಲಕ ಪಾಠ ಹೇಳಿದರು. ಏನು ಹೇಳಿದೆನೆಂಬ ನೆನಪಿಗೂ ನಿಜವಾಗಿ ಆಡಿದ ಮಾತಿಗೂ ಇರುವ ಅಂತರವು ಇದರಿಂದ ಕಲಿಯುವವರ ಕಿವಿಗೇ ಬೀಳುವಂತಾಯಿತು. ನಮ್ಮ ಆ ಅರ್ಧ ಗಂಟೆಯನ್ನು ಯಾರಾದರೂ ಹೀಗೆ ಕೇಳಿಸಿದ್ದರೆ ಒಂದೇ ದಿನದಲ್ಲಿ ನಮಗೆ ಬುದ್ಧಿ ಬರುತ್ತಿತ್ತು. ಇಂದು ಇಂಥ ಮುದ್ರಣಕ್ಕೆ ರೋಗಿಯ ಒಪ್ಪಿಗೆ ಕಡ್ಡಾಯ.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಅದು ಅಲ್ಲಿಯ ಸರ್ಕಾರಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಸ್ನಾತಕೋತ್ತರ ಪದವೀಧರರಿಗೆ ಎರಡು ವರ್ಷಗಳ ಪೂರ್ಣಾವಧಿ ತರಬೇತಿಯು ಅಲ್ಲಿ ದಶಕಗಳಿಂದ ನಡೆದುಬಂದಿದೆ. ವಾರ್ಡಿನಲ್ಲಿ ರೋಗವೃತ್ತಾಂತ ಬರೆಯುವುದು, ಪರೀಕ್ಷೆಗಳನ್ನು ನಡೆಸುವುದು, ಚಿಕಿತ್ಸೆ ನೀಡುವುದು, ಪ್ರತಿಯೊಂದನ್ನೂ ಗುರುಗಳ ಮುಂದಿಡುವುದು ಇದರ ಕ್ರಮ.

ಗುರುವು ತಿದ್ದುವುದೇನನ್ನು?

ಉದಾಹರಣೆಗೆ, ವಿದ್ಯಾರ್ಥಿನಿಯೊಬ್ಬಳು "ರೋಗಿ ಅಳತೊಡಗಿದರು, ಅದಕ್ಕೆ ಮಾತು ಬದಲಿಸಿದೆ" ಎಂದು ಒಪ್ಪಿಸಿದಳೆಂದುಕೊಳ್ಳೋಣ. ಗುರುಗಳು ಕೇಳುವ ಪ್ರಶ್ನೆ ಇದು: "ಆ ಅಳುವನ್ನು ತಾಳಲಾರದವರು ಅವರೋ, ನೀನೋ?" ರೋಗಿಯ ದುಃಖವು ಚಿಕಿತ್ಸಕಿಯ ಸ್ವಂತ ದುಃಖವನ್ನು ಕೆಣಕಿದಾಗ ಆಕೆ ಅರಿಯದೆಯೇ ಅಲ್ಲಿಂದ ಓಡಿಹೋಗುತ್ತಾಳೆ. ರೋಗಿಗೆ ಚಿಕಿತ್ಸಕರಲ್ಲಿ ತಂದೆಯೋ ಅತ್ತೆಯೋ ಕಂಡು ಕೋಪ ಬರಬಹುದು. ಆ ಕೋಪವನ್ನು ತನ್ನ ಮೇಲಿನದೆಂದು ತಿಳಿಯದೆ ಸಹಿಸಿಕೊಂಡು, ಅದರ ಮೂಲವನ್ನು ರೋಗಿಯೊಡನೆ ಹುಡುಕಬೇಕು. ಕೇಳಿದ್ದನ್ನು ಗುಟ್ಟಾಗಿಡುವುದು, ಉಡುಗೊರೆ, ಸಲಿಗೆಗಳಿಂದ ದೂರವಿರುವುದು, ಜೀವಾಪಾಯದ ಸೂಚನೆ ಕಂಡೊಡನೆ ಮನೋವೈದ್ಯರ ನೆರವು ಪಡೆಯುವುದು ಇವೂ ಪುಸ್ತಕದಿಂದ ಮಾತ್ರ ಬರುವ ಗುಣಗಳಲ್ಲ.

ಮನೋವೈದ್ಯರೂ ಪಂಜಾಬಿ ಕವಿಗಳೂ ಆಗಿದ್ದ ಜಸ್ವಂತ್ ಸಿಂಗ್ ನೇಕಿ ಅವರು ಗುರು-ಶಿಷ್ಯ ಸಂಬಂಧವು ಮನೋಚಿಕಿತ್ಸೆಗೆ ಮಾದರಿಯಾಗಬಹುದೆಂದು 1973ರ ಲೇಖನವೊಂದರಲ್ಲಿ ವಿವೇಚಿಸಿದ್ದರು. ನಮ್ಮ ಜನ ಚಿಕಿತ್ಸಕರಲ್ಲಿ ಗುರುವನ್ನು ಕಾಣುವುದು ನಿಜವೇ. ಆದರೆ ಅಷ್ಟು ನಂಬಿಕೆ ಪಡೆಯುವವರ ಕೈಯಲ್ಲಿ ಅಷ್ಟೇ ಅಧಿಕಾರವೂ ಇರುತ್ತದೆ. ಅದಕ್ಕಾಗಿಯೇ ಅವರನ್ನು ನೋಡಿ ತಿದ್ದುವವರು ಮೊದಲಿಗಿಂತ ಹೆಚ್ಚು ಅಗತ್ಯ.

ಭಕ್ತರು ಗಮನಿಸಬೇಕಾದುದು

- ಚಿಕಿತ್ಸಾ ಮನೋವಿಜ್ಞಾನಿಗಳ ಬಳಿ ಹೋದಾಗ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿಯಾಗಿದೆಯೇ ಎಂದು ವಿನಯದಿಂದ ಕೇಳಿರಿ. ಕೇಳುವುದು ಅಗೌರವವಲ್ಲ.
- ಕೆಲವೇ ದಿನಗಳ ಪ್ರಮಾಣಪತ್ರವನ್ನು ನಂಬಿ ತೀವ್ರವಾಗಿ ನೊಂದವರನ್ನು ಒಪ್ಪಿಸಬೇಡಿರಿ.
- ಮನೋವೈದ್ಯರು ಬರೆದ ಮಾತ್ರೆಗಳನ್ನು ಅವರನ್ನು ಕೇಳದೆ ನಿಲ್ಲಿಸಬೇಡಿರಿ. ಮಾತಿನ ಚಿಕಿತ್ಸೆಯೂ ಔಷಧವೂ ಜೊತೆಯಾಗಿ ಸಾಗಬಹುದು.
- ತುರ್ತು ಸಂದರ್ಭದಲ್ಲಿ ಸರ್ಕಾರದ ಟೆಲಿ-ಮಾನಸ್ ಉಚಿತ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಆ ಭಕ್ತರಿಗೆ ನಾವು ಕೊನೆಗೆ ಹೇಳಿದ್ದು ಇಷ್ಟು: "ನಿಮ್ಮವ್ವನ ನಾಲ್ಕು ಮಾತು ನಿಮಗೆ ಸಾಕಾದವು, ಯಾಕಂದ್ರ ಆಕಿ ನಿಮ್ಮನ್ನ ಹುಟ್ಟಿದಾಗಿಂದ ಬಲ್ಲವಳು. ನಿಮ್ಮ ಮಗಳ ಮುಂದ ಕೂಡುವವರು ಗುರುತಿಲ್ಲದವರು. ಅವರ ನೋವು ಕೇಳೂದನ್ನ ಆಕಿ ಕಲೀಲಿ, ಕಳಸ್ರಿ."

ಜೂನ್ ತಿಂಗಳ ಅರ್ಜಿಗೆ ಮಗಳ ಫೋಟೋ ತೆಗೆಸಬೇಕೆಂದು ಅವರು ಮೊನ್ನೆ ಫೋನಿನಲ್ಲಿ ತಿಳಿಸಿದರು. ಆ ತಾಯಿಗೆ ನಾವು ಸಲ್ಲಿಸಲಾಗದ ಸೇವೆಯನ್ನು ಈ ಮಗಳು ಇನ್ನಾರಿಗಾದರೂ ಸಲ್ಲಿಸಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿಗಳು.