ಹಳೆಯ ಎಂಜಿಬಿ ಕೊಳ್ಳುವ ಮುನ್ನ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಜಾಗ್ವಾರ್ ಇ-ಟೈಪ್‌ನಂಥವು ಒಂದು ಕಡೆ. 1961ರಲ್ಲಿ ತಯಾರಾದ ಮೊದಮೊದಲ ಕಾರುಗಳು ಲಕ್ಷ ಪೌಂಡ್ ದಾಟುತ್ತವೆ; ಅವು ಹರಾಜು ಕಟ್ಟೆಯ ಸರಕು. ಸಂಬಳದವರೂ ಕೈಹಾಕಬಹುದಾದದ್ದು ಎಂಜಿಬಿ. ಆಕ್ಸ್‌ಫರ್ಡ್ ಸಮೀಪದ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಇಂಗ್ಲೆಂಡಿನಲ್ಲಿ ನೌಕರಿಯಲ್ಲಿರುವ ನಮ್ಮವರು ಮೊದಲ ಕ್ಲಾಸಿಕ್ ಕಾರು ಕೊಳ್ಳುವುದಿದ್ದರೆ ಇದೇ ಒಳ್ಳೆಯ ಆಯ್ಕೆ. ಆದರೆ ಇಷ್ಟೊಂದು ಸಂಖ್ಯೆಯಲ್ಲಿರುವ ಗಾಡಿಯ ಬೆಲೆ ಗಗನಕ್ಕೇರುವುದಿಲ್ಲ ಎಂಬುದು ಮೊದಲೇ ಗೊತ್ತಿರಲಿ.

ಯಾವ ಮಾದರಿ ಬೇಕೆಂದು ಮೊದಲು ತೀರ್ಮಾನಿಸಿ. 1974ರವರೆಗಿನ ಕ್ರೋಮ್ ಬಂಪರಿನ ಕಾರುಗಳಿಗೆ ಬೇಡಿಕೆ ಹೆಚ್ಚು. ಆಮೇಲೆ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ದಪ್ಪ ಕಪ್ಪು ರಬ್ಬರ್ ಬಂಪರ್ ಬಂತು, ಕಾರಿನ ಎತ್ತರವೂ ಏರಿತು. ಹಾಗಾಗಿ ಅವುಗಳ ಬೆಲೆ ಕಡಿಮೆ. ಬಟ್ಟೆಯ ಚಾವಣಿಯ ರೋಡ್‌ಸ್ಟರ್‌ಗಿಂತ ಗಟ್ಟಿ ಚಾವಣಿಯ ಜಿಟಿ ಅಗ್ಗ. ಓಡಿಸಿ ಸುಖಪಡುವುದಷ್ಟೇ ಉದ್ದೇಶವಾದರೆ ರಬ್ಬರ್ ಬಂಪರಿನ ಜಿಟಿ ತೆಗೆದುಕೊಳ್ಳಿ. ಆ ಮಳೆಯ ನಾಡಿನಲ್ಲಿ ಗಟ್ಟಿ ಚಾವಣಿ ಸುಮ್ಮನೆ ಸಿಕ್ಕ ಲಾಭ. ಮುಂದೆ ಮಾರುವ ಯೋಚನೆಯಿದ್ದರೆ ಮಾತ್ರ ಕ್ರೋಮ್ ಬಂಪರಿಗೆ ಹೆಚ್ಚು ಹಣ ಕೊಡಿ.

ಇನ್ನು ಕಾರು ನೋಡಲು ಹೋದಾಗ ಬಾನೆಟ್ ಎತ್ತುವ ಆತುರ ಬೇಡ. ಎಂಜಿಬಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಅದರಲ್ಲೂ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಎಂಬ ಪೆಟ್ಟಿಗೆಯಾಕಾರದ ತೊಲೆ ಮುಖ್ಯ. ಅದು ಒಂದರೊಳಗೊಂದು ತಗಡುಗಳನ್ನು ಸೇರಿಸಿ ಮಾಡಿದ್ದು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ನೀರು ಒಳಸೇರಿದರೆ ತುಕ್ಕು ಒಳಗಿನಿಂದಲೇ ತಿನ್ನುತ್ತದೆ, ಹೊರಗೆ ಪೇಂಟು ಫಳಫಳ ಹೊಳೆಯುತ್ತಿರುತ್ತದೆ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಮಾಲೀಕರ ಒಪ್ಪಿಗೆ ಪಡೆದು ಸಿಲ್, ಚಕ್ರದ ಕಮಾನು, ಬಾಗಿಲ ಕೆಳಅಂಚಿನ ಮೇಲೆ ಆಡಿಸಿ. ಅದು ಅಂಟದೆ ಜಾರುವ ಕಡೆ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಬಳಿಕ ಸಿಲ್‌ನ ಜಾಕ್ ಕೊಡುವ ಜಾಗದಲ್ಲಿ ಜಾಕ್ ಹಾಕಿ ಕಾರನ್ನು ಸ್ವಲ್ಪ ಎತ್ತಿಸಿ, ಆ ಬದಿಯ ಬಾಗಿಲು ತೆರೆದು ಮುಚ್ಚಿ ನೋಡಿ. ಬಾಗಿಲು ಹಿಡಿದುಕೊಂಡರೆ, ಸಂದಿ ಕಿರಿದಾದರೆ ಬಾಡಿ ಬಗ್ಗುತ್ತಿದೆ. ಮಾಲೀಕರು ಜಾಕ್ ಹಾಕಲು ಹಿಂದೆಮುಂದೆ ನೋಡಿದರೆ ಚೌಕಾಸಿಗೆ ಕೂರದೆ ಎದ್ದು ಬನ್ನಿ.

ಎಷ್ಟೇ ತುಕ್ಕು ಹಿಡಿದ ಎಂಜಿಬಿಯೂ ಮತ್ತೆ ಎದ್ದು ನಿಲ್ಲಬಲ್ಲದು ನಿಜ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳಿಂದಲೇ ಹೊಸ ಬಾಡಿ ತಯಾರಿಸಿ ಮಾರುತ್ತದೆ. ಆದರೆ ಟಿಂಕರಿಂಗ್, ಪೇಂಟಿಂಗ್ ಕೂಲಿ ಸೇರಿದರೆ ಖರ್ಚು ಕಾರಿನ ಬೆಲೆಯನ್ನು ಸಲೀಸಾಗಿ ಮೀರುತ್ತದೆ. ಆದ್ದರಿಂದ ಬೇರೆ ಯಾರೋ ಕೈಬಿಚ್ಚಿ ಖರ್ಚು ಮಾಡಿ, ಕೆಲಸ ಮುಗಿಸಿ, ಹಂತಹಂತದ ಫೋಟೊ ಮತ್ತು ಬಿಲ್ಲುಗಳನ್ನು ಇಟ್ಟುಕೊಂಡಿರುವ ಕಾರನ್ನು ಹುಡುಕಿ. ಅವರ ನಷ್ಟವೇ ನಿಮ್ಮ ಉಳಿತಾಯ.

ಎಂಜಿನ್ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. 1798 ಸಿಸಿಯ ಸರಳ ಎಂಜಿನ್, ಬಿಡಿಭಾಗಗಳು ಧಾರಾಳ. ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಷರ್ 50 ಪಿಎಸ್‌ಐ ಆಸುಪಾಸಿನಲ್ಲಿರಬೇಕು. ವೇಗದಲ್ಲಿ ಎಂಜಿನ್ ಸುತ್ತು ತಗ್ಗಿಸುವ ಓವರ್‌ಡ್ರೈವ್ ಇದ್ದರೆ ಓಡಿಸಿ ನೋಡಿ. ಅದು ಬೆಲೆ ಏರಿಸುತ್ತದೆ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುವುದರಿಂದ ಅವನ್ನು ಬದಲಿಸಿದ್ದಾರೆಯೇ ಎಂದು ಕೇಳಿ.

ಕಾಗದಪತ್ರದ ವಿಚಾರದಲ್ಲಿ ದಾಕ್ಷಿಣ್ಯ ಬೇಡ. ನೋಂದಣಿ ಪುಸ್ತಕದಲ್ಲಿರುವ ನಂಬರು ಕಾರಿನ ಮೇಲಿನ ನಂಬರಿಗೆ ತಾಳೆಯಾಗಲೇಬೇಕು. ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂ ಶುಲ್ಕ ಪಡೆದು ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ತಯಾರಾದ ದಿನಾಂಕ, ಮೂಲ ಬಣ್ಣ, ಯಾವ ದೇಶಕ್ಕೆ ಹೋಗಿತ್ತು ಎಲ್ಲ ಅದರಲ್ಲಿರುತ್ತದೆ. ಅಮೆರಿಕಕ್ಕೆ ಹೋಗಿ ಮರಳಿದ ಕಾರುಗಳು ಬಹಳ. ಕ್ಯಾಲಿಫೋರ್ನಿಯಾದ ಒಣಹವೆಯಲ್ಲಿದ್ದ ಗಾಡಿಗೆ ತುಕ್ಕು ಕಡಿಮೆ. ಆದರೆ ಸ್ಟೀರಿಂಗನ್ನು ಎಡದಿಂದ ಬಲಕ್ಕೆ ಬದಲಿಸಿದ್ದರೆ ಬೆಲೆಯಲ್ಲಿ ಅದನ್ನು ಮುರಿದುಕೊಳ್ಳಿ.

ಕೊಳ್ಳಲು ನವೆಂಬರ್, ಮಾರಲು ಏಪ್ರಿಲ್ ಒಳ್ಳೆಯದು. ಚಳಿಯಲ್ಲಿ ತೆರೆದ ಕಾರನ್ನು ಕೇಳುವವರು ಕಡಿಮೆ. ಕೊಂಡ ಮೇಲೆ ಬೆಲೆಯನ್ನು ಮೊದಲೇ ಒಪ್ಪಿಕೊಳ್ಳುವ ‘ಅಗ್ರೀಡ್ ವ್ಯಾಲ್ಯೂ’ ವಿಮೆ ಮಾಡಿಸಿ.

ಹೂಡಿಕೆಯ ಲೆಕ್ಕಕ್ಕೆ ಬಂದರೆ, ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. ಸ್ವಂತ ಬಳಕೆಯ ಕಾರು ಮಾರಿ ಲಾಭ ಬಂದರೆ ಕ್ಯಾಪಿಟಲ್ ಗೇನ್ಸ್ ತೆರಿಗೆಯೂ ಇಲ್ಲ. ಅದನ್ನೇ ವ್ಯಾಪಾರ ಮಾಡಿಕೊಂಡರೆ ಮಾತ್ರ ಆದಾಯ ತೆರಿಗೆ. ಆದರೆ ಲಾಭ ಬರಬೇಕಲ್ಲ! 1980ರ ದಶಕದ ಕೊನೆಯಲ್ಲಿ ಕ್ಲಾಸಿಕ್ ಕಾರುಗಳ ಬೆಲೆ ಹುಚ್ಚಾಪಟ್ಟೆ ಏರಿ, 90ರ ಆರಂಭದಲ್ಲಿ ಕುಸಿಯಿತು. 2008ರ ನಂತರ ಬಡ್ಡಿ ತೀರಾ ಕಡಿಮೆಯಿದ್ದಾಗ ಮತ್ತೆ ಏರಿತು. ಯೌವನದಲ್ಲಿ ಎಂಜಿಬಿ ಕಂಡು ಆಸೆಪಟ್ಟ ತಲೆಮಾರಿಗೆ ಈಗ ವಯಸ್ಸಾಗಿದೆ, ಅವರ ಗ್ಯಾರೇಜುಗಳು ಖಾಲಿಯಾಗುತ್ತಿವೆ. ಚರಿತ್ರೆಯಿರುವ ಅಪರೂಪದ ಕಾರುಗಳು ಬೆಲೆ ಉಳಿಸಿಕೊಂಡಾವು. ಸಾಮಾನ್ಯ ಎಂಜಿಬಿ ವಿಮೆ, ಗ್ಯಾರೇಜು, ರಿಪೇರಿ ಕಳೆದು ಹಾಕಿದ ದುಡ್ಡು ವಾಪಸ್ ಕೊಟ್ಟರೆ ಅದೇ ಹೆಚ್ಚು.

ಕೊನೆಯದಾಗಿ, ಬಿಚ್ಚಿದ ಭಾಗಗಳನ್ನು ಡಬ್ಬಗಳಲ್ಲಿ ತುಂಬಿಟ್ಟು ‘ಅರ್ಧ ಮುಗಿದ ಪ್ರಾಜೆಕ್ಟ್’ ಎಂದು ಮಾರುವ ಕಾರು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ.